ಹಾರ್ಬಿನ್‌ನಿಂದ ಸಾನ್ಯಾಕ್ಕೆ ಐದೂ ಮುಕ್ಕಾಲು ಗಂಟೆ

2019ನೇ ಇಸವಿ ಮಾರ್ಚ್ 28, ಗುರುವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಾರ್ಬಿನ್ ನಗರದ ಪೂರ್ವದಂಚಿನ ಪೊಲೀಸ್ ಠಾಣೆಗೆ ಗಂಡ ಹೆಂಡತಿ ಇಬ್ಬರು ಬಂದರು. ಬೂಟಿಗೆ ಮೆತ್ತಿದ್ದ ಹಿಮದ ಕೆಸರನ್ನು ಒರೆಸಿಕೊಳ್ಳದೆ ಒಳಗೆ ಬಂದ ಗಂಡಸು, ಎದೆಗೆ ಅವಚಿಕೊಂಡಿದ್ದ ಕರಿ ಮರದ ಪೆಟ್ಟಿಗೆಯನ್ನು ಇನ್‌ಸ್ಪೆಕ್ಟರ್ ಮೆಂಗ್ ಗ್ವಾಂಗ್‌ಲಿನ್ ಅವರ ಮೇಜಿನ ಮೇಲೆ ಇಟ್ಟ. ಅಂಥ ಪೆಟ್ಟಿಗೆಯನ್ನು ಯಾರೂ ಊಟ ಮಾಡುವ, ಬರೆಯುವ ಮೇಜಿನ ಮೇಲೆ ಇಡುವುದಿಲ್ಲ. ಮೆಂಗ್ ಎದ್ದು ನಿಂತರು.

"ಇದು ನಮ್ಮಮ್ಮನ ಭಸ್ಮದ ಪೆಟ್ಟಿಗೆ ಸರ್. ಅಮ್ಮ ಇದರಲ್ಲಿಲ್ಲ."

"ಇಲ್ಲ ಅಂದ್ರೆ?"

"ಕದ್ದಿದ್ದಾರೆ."

ಗಂಡಸಿನ ಹೆಸರು ಸುಯಿ ಕ್ವಾನ್. ವಯಸ್ಸು ನಲವತ್ತೈದು. ಬಡಾವಣೆಗಳ ಮನೆಗಳಿಗೆ ಚಳಿಗಾಲದಲ್ಲಿ ಬಿಸಿನೀರಿನ ಕೊಳವೆ ನೋಡಿಕೊಳ್ಳುವ ಕೆಲಸ. ಜೊತೆಗಿದ್ದವಳು ಹೆಂಡತಿ ಲೆಂಗ್ ಹೊಂಗ್, ಶಿಶುವಿಹಾರದಲ್ಲಿ ಅಡುಗೆಯವಳು. ತಾಯಿ ತೊಂಗ್ ಯಾಚಿನ್ ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದಳು. ದಹನವಾದ ಮೇಲೆ ಪೆಟ್ಟಿಗೆಯನ್ನು ದಿಬ್ಬದ ಮೇಲಿನ ಭಸ್ಮಗೃಹದ ಒಂದು ಗೂಡಿನಲ್ಲಿಟ್ಟಿದ್ದರು. ಹಾರ್ಬಿನ್‌ನಲ್ಲಿ ನವೆಂಬರಿಗೆ ನೆಲ ಕಲ್ಲಾಗುತ್ತದೆ. ಸಮಾಧಿ ಏನಿದ್ದರೂ ವಸಂತಕ್ಕೆ. ಹಿರಿಯರ ಗೋರಿ ಗುಡಿಸುವ ಚಿಂಗ್‌ಮಿಂಗ್ ಹಬ್ಬ ಏಪ್ರಿಲ್ ಐದಕ್ಕೆ. ಆ ಬೆಳಿಗ್ಗೆ ಗಂಡನ ಗೋರಿಯ ಪಕ್ಕದಲ್ಲೇ ಅವಳನ್ನು ಇಡುವುದೆಂದು ಗೊತ್ತಾಗಿತ್ತು. ಹಳೆಯ ಪೆಟ್ಟಿಗೆಯಿಂದ ಕಲ್ಲಿನ ಪೆಟ್ಟಿಗೆಗೆ ಬದಲಿಸಲು ಈ ಗುರುವಾರ ಬೆಳಿಗ್ಗೆ ಮುಚ್ಚಳ ತೆಗೆದಿದ್ದರು.

ಮೆಂಗ್ ಮುಚ್ಚಳ ಎತ್ತಿದರು. ಒಳಗೆ ಕೆಂಪು ಬಟ್ಟೆಯ ಚೀಲ. ಚೀಲದ ತುಂಬ ಬಿಳಿ ಮರಳು. ಕಾನ್‌ಸ್ಟೇಬಲ್ ಹೌ ಜಿಂಗ್ ಎಂಬ ಹುಡುಗಿ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದಳು.

"ಚಿಪ್ಪಿನ ಚೂರಿದೆ ಸರ್. ಸಮುದ್ರದ್ದು."

"ನಮ್ಮ ನದಿಯದ್ದಲ್ವಾ?"

"ನಮ್ಮ ನದಿ ಮರಳು ಇಷ್ಟು ಬೆಳ್ಳಗೆಲ್ಲಿದೆ?"

ಸುಯಿ ಕ್ವಾನ್ ಹಲ್ಲು ಕಚ್ಚಿ ಹೇಳಿದ, "ಸಾನ್ಯಾದ್ದು. ಆ ಮುದುಕನೇ. ಶಾವ್."

ಹೆಂಡತಿ ತಲೆ ತಗ್ಗಿಸಿ ಕೈಗವಸಿನ ನೂಲು ಕೀಳುತ್ತಿದ್ದಳು.

ಹಾರ್ಬಿನ್‌ನವರಿಗೆ ಸಾನ್ಯಾ ಏನೆಂದು ಹೇಳಬೇಕಾಗಿಲ್ಲ. ದೇಶದ ಈ ತುದಿಯಿಂದ ಆ ತುದಿಗೆ ಮೂರೂವರೆ ಸಾವಿರ ಕಿಲೋಮೀಟರು. ನೇರ ವಿಮಾನಕ್ಕೆ ಐದೂ ಮುಕ್ಕಾಲು ಗಂಟೆ. ಕೀಲುನೋವು, ಉಬ್ಬಸ ಇರುವ ಮುದುಕ ಮುದುಕಿಯರು ಅಕ್ಟೋಬರಿಗೆ ಬಾತುಕೋಳಿಗಳ ಹಾಗೆ ಹೊರಟು ಆ ದ್ವೀಪದ ಬಿಸಿಲಿನಲ್ಲಿ ಕೂತು ಏಪ್ರಿಲ್ ಕೊನೆಗೆ ಹಿಂದಿರುಗುತ್ತಾರೆ. ಯಾಚಿನ್ ಹಾಗೆ ಆರು ಚಳಿಗಾಲ ಹೋಗಿದ್ದಳು. ಅಲ್ಲಿ ಶಾವ್ ತಿಂಗ್‌ಯು ಎಂಬ ವಿಧುರನ ಪರಿಚಯವಾಯಿತು. ಅವನೂ ಹಾರ್ಬಿನ್‌ನವನೇ, ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಮದುವೆಯ ಕಾಗದ ಮಾಡಿಸಿರಲಿಲ್ಲ. ಆ ವಯಸ್ಸಿನಲ್ಲಿ ಯಾರೂ ಮಾಡಿಸುವುದಿಲ್ಲ. ಒಟ್ಟಿಗೆ ಅಡುಗೆ, ಒಟ್ಟಿಗೆ ಔಷಧಿ, ಅಷ್ಟೇ.

"ನಿಮಗೆ ಅವರ ಮೇಲೆ ಸಿಟ್ಟಾ?" ಮೆಂಗ್ ಕೇಳಿದರು.

"ನಾನು ಒಂಬತ್ತು ವರ್ಷದವನಿದ್ದಾಗ ಅಪ್ಪ ಮರದ ಕಾರ್ಖಾನೆಯಲ್ಲಿ ದಿಮ್ಮಿ ಬಿದ್ದು ಹೋದ. ಗೋರಿಗೆ ಜೋಡಿ ಜಾಗ ಬಿಡಿಸಿ, ಬಲಗಡೆ ನನಗೆ ಅಂತ ಅಮ್ಮನೇ ಹೇಳಿದ್ದಳು. ಮೂವತ್ತಾರು ವರ್ಷ ಅಪ್ಪ ಒಬ್ಬನೇ ಮಲಗಿದ್ದಾನೆ ಸರ್. ಐದನೇ ತಾರೀಖು ನಾನು ಅಲ್ಲಿ ಮರಳು ಹೂಳಲಾ?"

ಮಧ್ಯಾಹ್ನ ಹನ್ನೆರಡೂವರೆಗೆ ಭಸ್ಮ ಕಳವಿನ ಪ್ರಕರಣ ದಾಖಲಾಯಿತು. ಕಾನೂನಿನಲ್ಲಿ ಅದಕ್ಕೆ ಮೂರು ವರ್ಷದವರೆಗೂ ಸಜೆ ಇದೆ.

ಆ ಮಧ್ಯಾಹ್ನವೇ ಭಸ್ಮಗೃಹದಲ್ಲಿ ಪಂಚನಾಮೆ ನಡೆಯಿತು. ಗೂಡಿನ ಬೀಗ ಒಡೆದಿರಲಿಲ್ಲ. ಗಾಜು ಗೀರಿರಲಿಲ್ಲ. ಕಾವಲಿನ ಪಾಂಗ್ ಎಂಬಾತ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಮೇಲಿನವರು ಆಗಲೇ ಅವನಿಗೆ ನಾಳೆಯಿಂದ ಬರಬೇಡ ಅಂದಿದ್ದರು.

"ಮನೆಯವರು ಕಾರ್ಡ್ ತೋರಿಸಿದ್ರೆ ಪೆಟ್ಟಿಗೆ ಕೊಡ್ತೀವಿ ಸರ್. ಅಂಗಳದಲ್ಲಿ ಇಟ್ಕೊಂಡು ಒರೆಸ್ತಾರೆ, ಸೇಬು ಇಡ್ತಾರೆ, ಅಳ್ತಾರೆ. ಆಮೇಲೆ ವಾಪಸ್ ತರ್ತಾರೆ. ನಾನು ಕೈಯಲ್ಲಿ ಎತ್ತಿ ನೋಡಿ ಒಳಗಿಡ್ತೀನಿ."

"ಮುಚ್ಚಳ ತೆಗೆದು ನೋಡಲ್ವಾ?"

"ಅಯ್ಯೋ, ತಾಯಿ ಮುಖದ ಮೇಲಿನ ಮುಸುಕು ತೆಗೆದ ಹಾಗಲ್ವಾ ಸರ್ ಅದು? ಯಾರಾದ್ರೂ ಮಾಡ್ತಾರಾ?"

ಠಾಣೆಗೆ ಮರಳಿ ಮೆಂಗ್ ಸಾನ್ಯಾದ ಪೊಲೀಸರಿಗೆ ಫೋನ್ ಮಾಡಿದರು. ಅಲ್ಲಿನ ಕಾನ್‌ಸ್ಟೇಬಲ್ ಫೂ ಎಂಬ ಸ್ಥಳೀಯ ಹುಡುಗ ಒಂದು ಗಂಟೆಯಲ್ಲಿ ವಿಚಾರಿಸಿ ಹೇಳಿದ.

"ಶಾವ್ ತಾತ ತಾನೆ? ಇಲ್ಲೇ ಇದ್ದಾರೆ ಸರ್. ತೆಂಗಿನಮರದ ಕೆಳಗೆ ಚದುರಂಗ. ಅಕ್ಟೋಬರಿನಿಂದ ಊರಾಚೆ ಕಾಲಿಟ್ಟಿಲ್ಲ ಅಂತ ಆಟದವರೆಲ್ಲ ಹೇಳ್ತಿದ್ದಾರೆ. ನವೆಂಬರಿನಲ್ಲಿ ಒಂದು ಸಲ ಬಿಟ್ರೆ."

"ಈ ತಿಂಗಳು ಒಂದು ಸಂಜೆಯೂ ತಪ್ಪಿಸಿಲ್ವಾ?"

"ಒಂದೇ ಒಂದು ಸಂಜೆ. ಹೊಟ್ಟೆ ಕೆಟ್ಟಿತ್ತಂತೆ. ಸಾಮಾನ್ಯ ಅಲ್ವಾ ಸರ್, ನಿಮ್ಮ ಊರಿನವರು ನಮ್ಮ ಮಾವಿನಹಣ್ಣು ಕಂಡ್ರೆ ಬಿಡ್ತಾರಾ?"

ಮೆಂಗ್ ಫೋನ್ ಇಟ್ಟರು. ಮೆಂಗ್ ಹೆಚ್ಚು ಓದಿದವರಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಕಲಿತಿದ್ದರು: ದಿನವೂ ಬರುವವನು ಒಂದು ದಿನ ಬಾರದಿದ್ದರೆ, ಕೇಳಬೇಕಾದ್ದು ಆ ಒಂದು ದಿನವನ್ನೇ.

"ಹೌ ಜಿಂಗ್, ಇಲ್ಲಿಂದ ಅಲ್ಲಿಗೆ ಹೋಗಿ ಬರೋಕೆ ಒಂದು ಸಂಜೆ ಸಾಕಾ?"

"ರೈಲಿನಲ್ಲಾದ್ರೆ ವಾರ ಬೇಕು ಸರ್. ವಿಮಾನದಲ್ಲಿ…" ಅವಳು ಬೆರಳು ಮಡಿಸಿದಳು. "ಬೆಳಿಗ್ಗೆ ಅಲ್ಲಿ ಹತ್ತಿದ್ರೆ ಮಧ್ಯಾಹ್ನ ಇಲ್ಲಿ. ಒಂದು ರಾತ್ರಿ ಇಲ್ಲಿ. ಮಾರನೇ ಬೆಳಿಗ್ಗೆ ಹತ್ತಿದ್ರೆ ಸಂಜೆ ಆಟಕ್ಕೆ ಹಾಜರ್! ಒಂದೇ ಸಂಜೆ ತಪ್ಪುತ್ತೆ. ಆದ್ರೆ ಎಪ್ಪತ್ತಾರು ವರ್ಷದ ಮುದುಕ ಯಾಕೆ ಸರ್ ಹಾಗೆ ಸಾಯ್ತಾನೆ?"

"ವಿಮಾನದವರನ್ನ ಕೇಳಿ ನೋಡು."

ಮಾರನೇ ದಿನ, 29ರಂದು, ವಿಮಾನ ಕಂಪನಿಯಿಂದ ಉತ್ತರ ಬಂತು. ಮಾರ್ಚ್ 25ರ ಬೆಳಿಗ್ಗೆ ಏಳೂ ನಲವತ್ತಕ್ಕೆ ಶಾವ್ ತಿಂಗ್‌ಯು ಸಾನ್ಯಾ ಬಿಟ್ಟಿದ್ದ. ಒಂದೂ ಇಪ್ಪತ್ತೈದಕ್ಕೆ ಹಾರ್ಬಿನ್‌ನಲ್ಲಿ ಇಳಿದಿದ್ದ. 26ರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮತ್ತೆ ಹತ್ತಿದ್ದ.

ಆದರೆ ಗೂಡಿನ ಕಾರ್ಡು? ಅದು ಸುಯಿ ಕ್ವಾನ್‌ನ ಮನೆಯಲ್ಲಿತ್ತು. ಪಾಂಗ್‌ನನ್ನು ಮತ್ತೆ ಕೇಳಿದಾಗ, 25ರ ಮೂರು ಗಂಟೆಗೆ ಸೊಸೆ ಒಬ್ಬಳೇ ಬಂದು ಪೆಟ್ಟಿಗೆ ಅಂಗಳಕ್ಕೆ ಒಯ್ದಿದ್ದಳು ಎಂದ. ಒರೆಸಬೇಕು ಅಂದಳಂತೆ.

ಮೆಂಗ್ ಅವಳನ್ನು ಠಾಣೆಗೆ ಕರೆಸಲಿಲ್ಲ. ಹೌ ಜಿಂಗ್ ಜೊತೆ ಶಿಶುವಿಹಾರದ ಅಡುಗೆಮನೆಗೆ ತಾವೇ ಹೋದರು. ಲೆಂಗ್ ಹೊಂಗ್ ಹುಳಿಗಟ್ಟಿಸಿದ ಎಲೆಕೋಸನ್ನು ಹೆಚ್ಚುತ್ತಿದ್ದಳು. ಪೊಲೀಸರನ್ನು ನೋಡಿ ಚಾಕು ಕೆಳಗಿಟ್ಟಳು.

"ನಿಮ್ಮ ಯಜಮಾನರಿಗೆ ಗೊತ್ತಾ?" ಮೆಂಗ್ ಕೇಳಿದರು.

"ಗೊತ್ತಾದ್ರೆ ಮನೆ ಉಳಿಯಲ್ಲ."

"ಶಾವ್ ಅವರನ್ನ ಒಳಗೆ ಕರ್ಕೊಂಡು ಹೋದವರು ನೀವೇ?"

"ಒಂದು ಸಲ ತಲೆಬಾಗಿಸಿ ಹೋಗ್ತೀನಿ ಅಂತ ಫೋನಿನಲ್ಲಿ ಅತ್ತರು ಸರ್. ನವೆಂಬರಿನಲ್ಲಿ ಮುಖ ನೋಡೋಕೂ ಬಿಡಲಿಲ್ಲ ನಮ್ಮವರು. ಜನ ಏನಂತಾರೋ ಅಂತ. ಪೆಟ್ಟಿಗೆ ಅಂಗಳಕ್ಕೆ ತಂದುಕೊಟ್ಟೆ. ಅವರು ಮಾತಾಡೋಕೆ ಶುರು ಮಾಡಿದ್ರು… ಪೆಟ್ಟಿಗೆ ಹತ್ರ. ಅಲ್ಲಿ ನಾನು ಹೇಗೆ ನಿಲ್ಲಲಿ? ಊದುಬತ್ತಿ ತರ್ತೀನಿ ಅಂತ ಗೇಟಿನ ತನಕ ಹೋದೆ."

"ಎಷ್ಟು ಹೊತ್ತು?"

"ಒಂದು ಊದುಬತ್ತಿ ಕೊಳ್ಳೋಕೆ ಎಷ್ಟು ಹೊತ್ತು ಬೇಕು? ಬೇಕಂತಲೇ ನಿಧಾನ ಮಾಡಿದೆ."

"ಕೈಯಲ್ಲೇನಿತ್ತು ಅವರದ್ದು?"

"ಒಂದು ಕೈಚೀಲ. ಹುರಿದ ಸೋಯಾ ಹಿಟ್ಟು ಬೇಕು, ಅಲ್ಲಿಯವರೆಲ್ಲ ಕೇಳಿದ್ದಾರೆ ಅಂತ ಮೊದಲೇ ಹೇಳಿದ್ರು. ತಗಡಿನ ಡಬ್ಬಿಯಲ್ಲಿ ನಾನೇ ತುಂಬಿ ಕೊಟ್ಟೆ. ಒಂದಲ್ಲ, ಎರಡು ಡಬ್ಬಿ ತಾ, ಒಂದು ಖಾಲಿಯೇ ಇರಲಿ ಅಂದ್ರು."

ಹೌ ಜಿಂಗ್ ಮೆಂಗ್ ಮುಖ ನೋಡಿದಳು. ಸಾನ್ಯಾಕ್ಕೆ ಹೊರಟ ಹಾರ್ಬಿನ್‌ನವರ ಚೀಲದಲ್ಲಿ ಸೋಯಾ ಹಿಟ್ಟು, ಹುಳಿಗಟ್ಟಿಸಿದ ಎಲೆಕೋಸು, ಹಂದಿಮಾಂಸದ ಕಟ್ಟು ಇದ್ದೇ ಇರುತ್ತವೆ. ವಿಮಾನ ನಿಲ್ದಾಣದವರೂ ನೋಡಿ ನೋಡಿ ಬೇಸತ್ತು, ಮುದುಕರ ಡಬ್ಬಿಗಳನ್ನು ತೆಗೆಸುವುದು ಬಿಟ್ಟಿದ್ದರು.

"ಸರ್," ಲೆಂಗ್ ಹೊಂಗ್ ಹಿಂದಿನಿಂದ ಕೂಗಿದಳು. "ಅವರು ಕೆಟ್ಟವರಲ್ಲ. ಅತ್ತೆ ಕಾಲು ಯಾವಾಗಲೂ ತಣ್ಣಗೆ. ಅವರು ತಮ್ಮ ಹೊಟ್ಟೆ ಮೇಲೆ ಇಟ್ಕೊಂಡು ಬೆಚ್ಚಗೆ ಮಾಡ್ತಿದ್ರಂತೆ. ಅತ್ತೆ ನಾಚಿಕೊಂಡು ನನಗೆ ಹೇಳಿದ್ರು."

ಮಾರ್ಚ್ 31ರಂದು ಮೆಂಗ್ ಮತ್ತು ಹೌ ಜಿಂಗ್ ಸಾನ್ಯಾಕ್ಕೆ ಹೊರಟರು. ಹತ್ತುವಾಗ ದಪ್ಪ ಕೋಟು, ಇಳಿಯುವಾಗ ಬೆವರು. ಚಿಂಗ್‌ಮಿಂಗ್‌ಗೆ ಐದು ದಿನ ಉಳಿದಿತ್ತು. ಭಸ್ಮ ಸಮುದ್ರಕ್ಕೆ ಹೋಗಿದ್ದರೆ ಮುಗಿಯಿತು. ಯಾವ ಪೊಲೀಸೂ ತರಲಾರ. ದಾರಿಯುದ್ದಕ್ಕೂ ಮೆಂಗ್ ಮನಸ್ಸಿನಲ್ಲಿದ್ದದ್ದು ಅದೊಂದೇ.

ಶಾವ್ ತೆಳ್ಳನೆ ಎತ್ತರದ ಮನುಷ್ಯ. ಕುತ್ತಿಗೆ ಬಿಸಿಲಿಗೆ ಕಪ್ಪಾಗಿತ್ತು. ಪೊಲೀಸರನ್ನು ನೋಡಿ ಚದುರಂಗದ ಹಲಗೆಯಿಂದ ತಲೆ ಎತ್ತಿದ, ಅಷ್ಟೇ. ಎದುರು ಕೂತಿದ್ದ ದೊಂಗ್ ಎಂಬ ದಪ್ಪನೆಯ ಮುದುಕ ಕುದುರೆ ಎತ್ತಿ ಹಿಡಿದುಕೊಂಡು ನಕ್ಕ.

"ಕೊನೆಗೂ ಹಿಡಿಯೋಕೆ ಬಂದ್ರಾ? ಸರಿ ಮಾಡಿದ್ರಿ. ಇವನು ದಿನಾ ನನ್ನ ಆನೆ ಕದೀತಾನೆ."

"ಶಾವಣ್ಣ, ಮಾರ್ಚ್ 25ಕ್ಕೆ ಎಲ್ಲಿದ್ರಿ?" ಮೆಂಗ್ ಕೇಳಿದರು.

"ಹಾರ್ಬಿನ್‌ನಲ್ಲಿ."

ದೊಂಗ್‌ನ ಕೈಯಲ್ಲಿದ್ದ ಕುದುರೆ ಅಲ್ಲೇ ನಿಂತಿತು. "ಹೊಟ್ಟೆ ಕೆಟ್ಟಿದೆ ಅಂದಿದ್ದೆಯಲ್ಲೋ! ನಿನಗೆ ಅಂತ ಗಂಜಿ ತಂದು ಬಾಗಿಲು ಬಡಿದು ಬಡಿದು ನಾನೇ ಕುಡಿದು ಹೋದೆ!"

"ಏನು ಮಾಡಿದ್ರಿ ಅಲ್ಲಿ?"

"ಅವಳಿಗೆ ನಮಸ್ಕಾರ ಮಾಡಿದೆ. ಬಂದೆ."

"ಇಷ್ಟೇನಾ?"

"ಇಷ್ಟೇ. ಕೋಣೆ ಹುಡುಕಿ. ಬಾಗಿಲು ತೆರೆದೇ ಇದೆ."

ಹುಡುಕಿದರು. ದೊಂಗ್ ಮತ್ತು ಮನೆಯೊಡತಿಯನ್ನು ಸಾಕ್ಷಿಗಿಟ್ಟುಕೊಂಡು ಪಂಚನಾಮೆ ಬರೆದರು. ಒಂದು ಮಂಚ, ಎರಡು ದಿಂಬು, ಒಂದು ಜೊತೆ ಹೆಂಗಸಿನ ಚಪ್ಪಲಿ. ಅಡುಗೆಯ ಕಟ್ಟೆಯ ಮೇಲೆ ತಗಡಿನ ಒಂದು ಡಬ್ಬಿ, ಅದರಲ್ಲಿ ನಿಜವಾಗಿಯೂ ಸೋಯಾ ಹಿಟ್ಟು. ಎರಡನೆಯ ಡಬ್ಬಿ ಇರಲಿಲ್ಲ.

"ಇನ್ನೊಂದು ಡಬ್ಬಿ?"

"ಯಾರಿಗೋ ಕೊಟ್ಟೆ. ಮುದುಕನಾದೆ ನೋಡಿ, ಮರೆತೆ."

"ಸಮುದ್ರಕ್ಕೆ ಹಾಕಿದ್ರಾ?"

ಮೊದಲ ಸಲ ಶಾವ್‌ನ ಮುಖ ಬದಲಾಯಿತು. "ಅವಳಿಗೆ ಈಜೋಕೆ ಬರ್ತಿರಲಿಲ್ಲ," ಅಂದ. ಅನಂತರ ಬಾಯಿ ಮುಚ್ಚಿದವನು ಆ ದಿನವೂ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ. ಸುಳ್ಳು ಹೇಳುವುದರಲ್ಲಿ ಅಭ್ಯಾಸವಿಲ್ಲದವರು ಹೀಗೆ. ಒಂದೆರಡು ಸುಳ್ಳಿಗೇ ಸುಸ್ತಾಗಿ ಮೌನಕ್ಕೆ ಬೀಳುತ್ತಾರೆ.

ಏಪ್ರಿಲ್ 2ರ ಸಂಜೆ. ಸೂರ್ಯ ಇನ್ನೂ ತೆಂಗಿನ ತಲೆಯ ಮೇಲಿದ್ದ. ಮೆಂಗ್, ಹೌ ಜಿಂಗ್, ಫೂ ಮೂವರೂ ರಸ್ತೆಗಳು ಕೂಡುವ ಜಾಗದ ಅಂಗಡಿಯಲ್ಲಿ ಎಳನೀರು ಕುಡಿಯುತ್ತಿದ್ದರು. ಹಬ್ಬಕ್ಕೆ ಮುಂಚಿನ ಸಂಜೆಗಳು. ಮುದುಕ ಮುದುಕಿಯರು ಕಾಗದದ ಹಣದ ಕಟ್ಟು ಹಿಡಿದು ಒಬ್ಬೊಬ್ಬರಾಗಿ ಬರುತ್ತಿದ್ದರು. ಕೋಲಿನಿಂದ ನೆಲದಲ್ಲಿ ವೃತ್ತ ಗೀರುವುದು, ಅದರೊಳಗೆ ಕಾಗದ ಸುಡುವುದು, ಸತ್ತವರ ಹೆಸರು ಕರೆಯುವುದು. ಗೋರಿಯ ಹತ್ತಿರ ಹೋಗಲಾರದವರು ಹೀಗೆಯೇ ಕಳಿಸುತ್ತಾರೆ.

"ಇದು ನಿಷೇಧ ಸರ್," ಫೂ ಹೇಳಿದ. "ಆದ್ರೆ ಯಾರನ್ನ ಅಂತ ಹಿಡಿಯಲಿ? ಹೋದ ವರ್ಷ ಒಬ್ಬ ಅಜ್ಜಿಗೆ ಹೇಳಿದ್ದಕ್ಕೆ, ನೀನು ಸತ್ತಾಗ ನಿನಗೂ ಎರಡು ನೋಟು ಸುಡ್ತೀನಿ ಮಗಾ, ಸುಮ್ನಿರು ಅಂದ್ಲು."

ಶಾವ್ ಬಂದ. ಪೊಲೀಸರನ್ನು ನೋಡಿದ. ನೋಡಿಯೂ ನಿಲ್ಲದೆ ರಸ್ತೆಯ ಅಂಚಿಗೆ ಹೋಗಿ ಮಂಡಿಯೂರಿದ. ಒಂದು ವೃತ್ತ ಗೀರಿ ಅಪ್ಪ, ಅಮ್ಮ ಅಂದ. ಇನ್ನೊಂದು ಗೀರಿ ಮೊದಲ ಹೆಂಡತಿಯ ಹೆಸರು ಹೇಳಿದ. ಎರಡೂ ಉರಿದು ಬೂದಿಯಾದವು. ಮೂರನೆಯದನ್ನು ಗೀರಲು ಕೋಲು ಊರಿದ. ಒಮ್ಮೆ ತಿರುಗಿ ಮೆಂಗ್ ಕಡೆಗೂ ನೋಡಿದ. ಆಮೇಲೆ ಗೀರಿದ. "ಯಾಚಿನ್, ತಗೋ," ಅಂದ. ಉರಿ ಆರುವವರೆಗೆ ಇದ್ದು, ಎದ್ದು ಹೋದ.

ಮೆಂಗ್ ಎಳನೀರು ಕೆಳಗಿಟ್ಟು ಅಲ್ಲಿಗೆ ನಡೆದರು.

"ಹೌ ಜಿಂಗ್, ಇಲ್ಲಿ ನೋಡು. ಈ ವೃತ್ತಗಳೆಲ್ಲ ಪೂರ್ತಿ ಮುಚ್ಚಿಲ್ಲ ಅಲ್ವಾ?"

"ಒಂದು ಕಡೆ ಬಾಯಿ ಬಿಟ್ಟಿದ್ದಾರೆ ಸರ್."

"ಯಾವ ಕಡೆ?"

ಅವಳು ಸುತ್ತ ನೋಡಿದಳು. ಆ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಬೂದಿಯ ವೃತ್ತಗಳಿದ್ದವು. "ಎಲ್ಲಾ ಆ ಕಡೆ. ಈಶಾನ್ಯ. ಊರಿನ ಕಡೆ."

"ನಿಮ್ಮಜ್ಜಿ ಹೇಳಿಕೊಡಲಿಲ್ವಾ? ಸತ್ತವರು ಇರೋ ಕಡೆಗೆ ಬಾಯಿ ಬಿಡಬೇಕು. ದುಡ್ಡು ಹೊರಗೆ ಹೋಗೋದು ಅಲ್ಲಿಂದಲೇ. ಬಾಯಿ ತಪ್ಪಿದ್ರೆ ದಾರೀಲಿ ಹೋಗೋ ದೆವ್ವ ಎತ್ಕೊಂಡು ಹೋಗುತ್ತೆ, ನಮ್ಮವರು ಬರಿಗೈಯಲ್ಲಿ ಕೂತಿರ್ತಾರೆ. ಈಗ ಇವನ ಮೂರನೇದು ನೋಡು."

ಶಾವ್‌ನ ಮೊದಲ ಎರಡು ವೃತ್ತಗಳ ಬಾಯಿ ಈಶಾನ್ಯಕ್ಕಿತ್ತು, ಮೂರೂವರೆ ಸಾವಿರ ಕಿಲೋಮೀಟರಿನಾಚೆಯ ಊರಿಗೆ. ಮೂರನೆಯದರ ಬಾಯಿ ಅದಕ್ಕೆ ತೀರ ಬೆನ್ನು ಹಾಕಿ, ಬಾಡಿಗೆ ಮನೆಗಳ ಹಿಂಗೋಡೆಯ ಕಡೆಗಿತ್ತು.

"ನಾವು ನೋಡ್ತಾ ಕೂತಿದ್ದು ಅವರಿಗೆ ಗೊತ್ತಿತ್ತಲ್ಲ ಸರ್. ಎಲ್ಲರ ಹಾಗೆ ಗೀರಿ ಹೋಗಬಹುದಿತ್ತು."

"ನನಗೆ ಸುಳ್ಳು ಹೇಳಬಹುದು. ಅವಳಿಗೆ ಹೋಗೋ ದುಡ್ಡನ್ನ ಬೇರೆ ಕಡೆ ಕಳಿಸೋಕಾಗುತ್ತಾ?" ಮೆಂಗ್ ಅಂದರು. ಗೆದ್ದವರ ಧ್ವನಿ ಅದಾಗಿರಲಿಲ್ಲ.

ಏಪ್ರಿಲ್ 3ರ ಬೆಳಿಗ್ಗೆ ಏಳು ಗಂಟೆಗೆ ಹಿಂಗೋಡೆಯ ಆಚೆ ಹೋದರು. ಅಲ್ಲಿ ಪಾಳು ಜಾಗದಲ್ಲಿ ಹಾರ್ಬಿನ್ನಿನ ಮುದುಕರು ಊರಿಂದ ಬೀಜ ತಂದು ಹಾಕಿದ ತರಕಾರಿ ಮಡಿಗಳು. ಈರುಳ್ಳಿ ಸೊಪ್ಪು, ಕೊತ್ತಂಬರಿ, ಬಿದಿರಿನ ಚಪ್ಪರದ ಮೇಲೆ ಹಾರ್ಬಿನ್ನಿನ ಅಗಲ ಹುರುಳಿಕಾಯಿ. ಶಾವ್ ಚಪ್ಪರದ ಬುಡಕ್ಕೆ ನೀರು ಹಾಕುತ್ತಿದ್ದ. ಪಕ್ಕದಲ್ಲಿ ಒಂದು ಮಣೆ.

"ಚಪ್ಪರ ಚೆನ್ನಾಗಿ ಹಬ್ಬಿದೆ ಶಾವಣ್ಣ."

"ಅವಳೇ ಹಾಕಿದ್ದು. ಅಕ್ಟೋಬರಿನಲ್ಲಿ. ಮೊಳಕೆ ನೋಡೋಕೆ ಮುಂಚೆ ಹುಷಾರು ತಪ್ಪಿತು. ಮಗ ಬಂದು ಕರ್ಕೊಂಡು ಹೋದ."

ಫೂ ಕೈಯಲ್ಲಿ ಸಲಿಕೆ ಇತ್ತು. ಶಾವ್ ಅದನ್ನು ನೋಡಿ ನೀರಿನ ಡಬ್ಬ ಕೆಳಗಿಟ್ಟ.

"ಆ ಹುಡುಗನ ಕೈಗೆ ಕೊಡಬೇಡಿ. ಬೇರು ಕಡಿದುಹಾಕ್ತಾನೆ. ನಾನೇ ತೆಗೀತೀನಿ."

ಅವನು ಸಲಿಕೆ ಮುಟ್ಟಲಿಲ್ಲ, ಕೈಯಿಂದಲೇ ಬಗೆದ. ಒಂದು ಮೊಳದ ಆಳದಲ್ಲಿ ಮಣ್ಣಿನ ಕುಡಿಕೆ, ಡಬ್ಬಿಯಲ್ಲಿ ತಂದ ಭಸ್ಮ ಈಗ ಅದರಲ್ಲಿತ್ತು. ಕುಡಿಕೆಯ ಬಾಯಿಗೆ ಹೆಂಗಸಿನ ಉಣ್ಣೆಯ ಕಾಲುಚೀಲ ಬಿಗಿದು ಕಟ್ಟಿತ್ತು. ದೊಂಗ್ ಪಂಚನಾಮೆಗೆ ಸಹಿ ಹಾಕಲು ಬಂದವನು ತಮಾಷೆಯೆಲ್ಲ ಮರೆತು ನಿಂತ. "ಮಣೆ ಹಾಕ್ಕೊಂಡು ದಿನಾ ಇಲ್ಲಿ ಕೂತಿದ್ದು ಕಾಯಿ ಕೀಳೋಕಲ್ಲ, ಅಲ್ವೇನೋ?" ಎಂದ. ಶಾವ್ ತಲೆಯಾಡಿಸಿದ.

ಬಂಧನದ ಹೊತ್ತು ಎಂಟೂ ಹತ್ತು. ಹೌ ಜಿಂಗ್ ಕೇಳಿದಳು, "ತಾತ, ಮರಳು ಯಾಕೆ ಹಾಕಿದ್ರಿ? ಅದರಿಂದಲೇ ನಿಮ್ಮ ಹೆಸರು ಬಂತು."

"ಖಾಲಿ ಪೆಟ್ಟಿಗೆ ವಾಪಸ್ ಇಡೋಕೆ ಮನಸ್ಸು ಬರಲಿಲ್ಲ ಮಗಳೇ. ಅವಳು ಕೂರ್ತಿದ್ದ ಜಾಗದ್ದು. ಅವಳ ಗಂಡನಿಗೂ ಏನಾದ್ರೂ ಸಿಗಲಿ ಅಂತ."

"ಸೊಸೆಗೆ ಗೊತ್ತಿತ್ತಾ?"

"ಅವಳು ಊದುಬತ್ತಿ ತರೋಕೆ ಹೋಗಿದ್ಲು. ಅವಳ ಹೆಸರು ಎತ್ತಬೇಡಿ."

ಏಪ್ರಿಲ್ 4ರ ಬೆಳಗಿನ ವಿಮಾನ. ಕಿಟಕಿಯ ಪಕ್ಕ ಶಾವ್, ನಡುವೆ ಮೆಂಗ್, ಆಚೆ ಹೌ ಜಿಂಗ್, ಅವಳ ತೊಡೆಯ ಮೇಲೆ ಕೆಂಪು ಬಟ್ಟೆ ಸುತ್ತಿದ ಕುಡಿಕೆ. ಶಾವ್‌ನ ಕೈಕೋಳದ ಮೇಲೆ ಮೆಂಗ್ ತಮ್ಮ ಕೋಟು ಹೊದಿಸಿದ್ದರು. ಮೂರು ಗಂಟೆ ಹಾರಿದ ಮೇಲೆ ಊಟದ ಗಾಡಿ ಬಂತು.

"ಕೋಳಿ ಅನ್ನವಾ, ಮೀನಿನ ಅನ್ನವಾ?" ಗಗನಸಖಿ ಕೇಳಿದಳು.

ಶಾವ್ ಬೇಡವೆಂದು ತಲೆಯಾಡಿಸಿ ಕಿಟಕಿಗೆ ತಿರುಗಿದ. ಅವಳು ಮುಂದೆ ಹೋದ ಮೇಲೆ ಗಾಜಿಗೇ ಹೇಳುವವನ ಹಾಗೆ ಮಾತಾಡಿದ.

"ನವೆಂಬರಿನಲ್ಲೂ ಹೀಗೇ ಕೇಳಿದ್ರು. ಬೆಳಿಗ್ಗೆ ಸೊಸೆ ಫೋನ್ ಮಾಡಿದ್ಲು, ಅತ್ತೆ ಇವತ್ತು ಉಳಿಯಲ್ಲ, ಬಾಗಿಲು ನೋಡ್ತಿದ್ದಾರೆ, ಬನ್ನಿ ಅಂತ. ಹತ್ತಿದೆ. ಇಳಿಯೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಯಾವ ಹೊತ್ತಿಗೆ ಹೋದ್ಲು ಅಂತ ಆಮೇಲೆ ಕೇಳಿ ಲೆಕ್ಕ ಹಾಕಿದೆ. ಕೋಳಿಯೋ ಮೀನೋ ಅಂತ ನಾನು ಯೋಚನೆ ಮಾಡ್ತಿದ್ದ ಹೊತ್ತು ಅದು. ಕೋಳಿ ತಗೊಂಡೆ. ಚೆನ್ನಾಗಿತ್ತು. ಪೂರ್ತಿ ತಿಂದೆ."

ಮೆಂಗ್ ತಮ್ಮ ತಟ್ಟೆಯ ಮುಚ್ಚಳ ತೆಗೆಯಲಿಲ್ಲ.

"ಕೆಳಗೆ ಯಾವುದೋ ನದಿ ಕಾಣ್ತಿತ್ತು. ಇದು ಯಾವ ಊರಮ್ಮ ಅಂತ ಆ ಹುಡುಗಿಯನ್ನ ಕೇಳಿದ್ದೆ. ಅವಳಿಗೂ ಗೊತ್ತಿರಲಿಲ್ಲ. ಇಷ್ಟು ದೂರದಲ್ಲಿ ಇನ್ನೊಂದು ಸಲ ಅವಳನ್ನ ಬಿಡಬಾರದು ಅಂತ ಅನ್ನಿಸಿತು ಸಾರ್. ಮಂಚದಿಂದ ಎದ್ದು ಹೋದ್ರೆ ಸಿಗಬೇಕು. ಇನ್ನೇನೂ ಯೋಚನೆ ಇರಲಿಲ್ಲ. ಅವಳ ಮಗನಿಗೆ ಅನ್ಯಾಯ ಮಾಡಿದೆ, ಗೊತ್ತು."

ಹೌ ಜಿಂಗ್ ಎದ್ದು ನಿಂತಳು. ಶೌಚಕ್ಕೆ ಹೋಗಿ ಬರ್ತೀನಿ ಸರ್, ಇದನ್ನ ಸ್ವಲ್ಪ ಹಿಡ್ಕೊಳ್ಳಿ, ಅಂದಳು. ಮೆಂಗ್ ಕುಡಿಕೆ ತೆಗೆದುಕೊಂಡರು. ಒಂದು ಗಳಿಗೆ ಯೋಚಿಸಿ ಅದನ್ನು ಶಾವ್‌ನ ತೊಡೆಯ ಮೇಲೆ, ಕೋಟಿನ ಕೆಳಗೆ ಇಟ್ಟರು. ಹೌ ಜಿಂಗ್ ಹಿಂತಿರುಗಿ ಬಂದಳು, ಕುಳಿತಳು, ವಿಮಾನ ಇಳಿಯುವವರೆಗೆ ಕುಡಿಕೆಯನ್ನು ವಾಪಸ್ ಕೇಳಲಿಲ್ಲ.

ಹಾರ್ಬಿನ್‌ನಲ್ಲಿ ಗಾಳಿ ಕೊಯ್ಯುತ್ತಿತ್ತು. ಹೊರಬಾಗಿಲಲ್ಲಿ ಸುಯಿ ಕ್ವಾನ್ ಹೆಂಡತಿಯ ಜೊತೆ ನಿಂತಿದ್ದ. ಹೆಂಡತಿ ಗಂಡನಿಗೆ ಎಲ್ಲವನ್ನೂ ತಾನೇ ಹೇಳಿಬಿಟ್ಟಿದ್ದಳೆಂದು ಮೆಂಗ್‌ಗೆ ಇಬ್ಬರ ಮುಖ ನೋಡಿಯೇ ತಿಳಿಯಿತು. ಮಗ ಎರಡೂ ಕೈ ಚಾಚಿ ಕುಡಿಕೆ ತೆಗೆದುಕೊಂಡ. ಕಾಲುಚೀಲವನ್ನು ನೋಡಿದ. ಬೈಯಲೆಂದೇ ಬಂದವನಂತೆ ಬಾಯಿ ತೆರೆದವನು ಬೇರೆಯದನ್ನೇ ಕೇಳಿದ.

"ಎಲ್ಲಿಟ್ಟಿದ್ರಿ?"

"ಹುರುಳಿಕಾಯಿ ಚಪ್ಪರದ ಕೆಳಗೆ."

"ಬೆಚ್ಚಗಿತ್ತಾ?"

"ಇಡೀ ದಿನ ಬಿಸಿಲು ಬೀಳ್ತಿತ್ತು ಕಣಪ್ಪ."

ಶಾವ್ ಸಾನ್ಯಾದ ತೆಳು ಅಂಗಿಯಲ್ಲೇ ಇದ್ದ, ಗದ್ದ ನಡುಗುತ್ತಿತ್ತು. ಲೆಂಗ್ ಹೊಂಗ್‌ನ ಕಂಕುಳಲ್ಲಿ ಮಡಿಸಿದ ಹತ್ತಿಯ ಕೋಟೊಂದು ಇತ್ತು. ಯಾರಿಗೆಂದು ಗಂಡ ಕೇಳಲಿಲ್ಲ. ಕುಡಿಕೆಯನ್ನು ಅವಳ ಕೈಗೆ ಕೊಟ್ಟು, ಕೋಟನ್ನು ತಾನೇ ತೆಗೆದುಕೊಂಡು, ಕೋಳ ತೊಟ್ಟ ಕೈಗಳ ಮೇಲಿಂದ 'ಎತ್ತಿ, ಎತ್ತಿ' ಎನ್ನುತ್ತ ಮುದುಕನ ಹೆಗಲಿಗೆ ಹೊದಿಸಿದ. ಗುಂಡಿಯನ್ನೂ ಹಾಕಿದ.

ಐದನೆಯ ತಾರೀಖು ಬೆಳಿಗ್ಗೆ ಯಾಚಿನ್‌ಳನ್ನು ಗಂಡನ ಬಲಗಡೆ ಇಟ್ಟರು. ಕಾಲುಚೀಲವನ್ನೂ ಜೊತೆಗೆ ಇಟ್ಟರಂತೆ. ಪಾಂಗ್‌ಗೆ ಕೆಲಸ ಮರಳಿ ಸಿಕ್ಕಿತು. ಶಿಕ್ಷೆ ಬೇಡವೆಂದು ಸುಯಿ ಕ್ವಾನ್ ಮೇಲಿನವರ ಮುಂದೆ ಹೋಗಿ ಹೇಳಿದ್ದರಿಂದ ಶಾವ್‌ನನ್ನು ಬೇಸಿಗೆಗೆ ಮುಂಚೆ ಬಿಟ್ಟರು.

ಅದೆಲ್ಲ ಆಮೇಲಿನದು. ವಿಮಾನ ಇಳಿದ ಆ ಸಂಜೆ ಠಾಣೆಯಲ್ಲಿ ಹೌ ಜಿಂಗ್ ಪ್ರಕರಣದ ವರದಿ ಬರೆಯುತ್ತಿದ್ದಳು. ಒಂದು ಕಡೆ ಪೆನ್ನು ನಿಂತಿತು.

"ಕೃತ್ಯದ ಉದ್ದೇಶ ಅಂತಿದೆ ಸರ್. ಹಣವೋ ದ್ವೇಷವೋ ಬರೀಬೇಕು."

"ಎರಡೂ ಅಲ್ಲ. ಹೀಗೆ ಬರಿ: ಮೃತಳು ಪ್ರಾಣ ಬಿಡುವಾಗ ಆರೋಪಿಯು ಸಾನ್ಯಾಕ್ಕೂ ಹಾರ್ಬಿನ್‌ಗೂ ನಡುವೆ ಎಲ್ಲೋ ಇದ್ದನು."

"ಎಲ್ಲೋ ಅಂತ ಬರೆದ್ರೆ ಮೇಲಿನವರು ಕೇಳ್ತಾರೆ, ಎಲ್ಲಿ ಅಂತ."

"ಅವನಿಗೇ ಗೊತ್ತಿಲ್ಲಮ್ಮ," ಮೆಂಗ್ ಅಂದರು. "ಅದೇ ಅವನ ಸಂಕಟ."

ಅವಳು ಹಾಗೆಯೇ ಬರೆದಳು.